ಗೇಟಿನ ಹೊರಗೆ ನಿಂತ ಮೊನಾರೊ

ಇಂದ:
ಡೆಸ್ಮಂಡ್ ಪ್ಯಾಸ್ಕೊ,
ತಮ್ಮ ಭಾವೀ ಅಳಿಯ (ತಾವು ಒಪ್ಪಿದರೆ),
ತಮ್ಮ ಗೇಟಿನ ಹೊರಗೆ, ಕೌರಾ.

ಗೆ:
ಶ್ರೀ ಮರ್ವಿನ್ ಟಕೆಟ್‌ರವರು,
ಗೇಟಿನ ಏಕೈಕ ಅಧಿಕಾರಿಗಳು,
ಗೇಟಿನ ಒಳಗೆ, ಕೌರಾ.

ವಿಷಯ: ಶನಿವಾರದ ಮದುವೆಗೆ ನನ್ನ ಹೋಲ್ಡನ್ ಮೊನಾರೊ ಕಾರನ್ನು ಒಳಗೆ ಬಿಟ್ಟುಕೊಳ್ಳುವ ಬಗ್ಗೆ.

ಉಲ್ಲೇಖ: ಕ್ರಿಸ್‌ಮಸ್ ದಿನ ಬಿಸಿಲಲ್ಲಿ ಕುರಿಮಾಂಸ ಸುಡುತ್ತಾ, ಇಕ್ಕಳ ಝಳಪಿಸಿ ತಾವು ನೀಡಿದ ಮೌಖಿಕ ಆದೇಶ.

ಮಾನ್ಯರೇ,

1. "ಲೋ, ನಮ್ಮಪ್ಪನ ಕಾಲದಿಂದ ಈ ಗೇಟಲ್ಲಿ ಫೋರ್ಡ್ ಬಿಟ್ರೆ ಬೇರೆ ಗಾಡಿ ನುಗ್ಗಿಲ್ಲ. ನಿನ್ ಆ ಎದುರಾಳಿ ಕಂಪ್ನಿ ಹೋಲ್ಡನ್ನು ಅಲ್ಲೇ ಕುರಿ ಹತ್ರ ನಿಲ್ಸು, ನೀನು ಬೇಕಾದ್ರೆ ನಡ್ಕೊಂಡು ಬಾ" ಎಂಬುದು ಸದರಿ ಆದೇಶ. ಅದರಂತೆ ಕಾರು ರಸ್ತೆಯಾಚೆ ಕುರಿಗಳ ಜೊತೆ ನಿಲ್ಲುತ್ತಿದೆ. ಕುರಿಗಳಿಂದ ಈವರೆಗೆ ಆಕ್ಷೇಪಣೆ ಬಂದಿಲ್ಲ.

2. ಆದರೆ ತಮ್ಮ ಮಗಳು ಲೊರೆಲ್ ಹೇಳಿದ್ದು: "ಗೌನ್ ಎತ್ಕೊಂಡು ಕುರಿ ಹಿಕ್ಕೆ ತುಳ್ಕೊಂಡು ಕಾರಿನ ತನಕ ನಾನ್ ಬರಲ್ಲ. ಅಪ್ಪನ್ನ ಒಪ್ಸು, ಇಲ್ಲಾ ಕಾರ್ ಮಾರು. ಎರಡೂ ಆಗಲ್ವಾ, ಕಾರನ್ನೇ ಮದ್ವೆ ಆಗು!" ಮೂರನೆಯದಕ್ಕೆ ಕಾನೂನಿನಲ್ಲಿ ಅವಕಾಶವಿಲ್ಲವೆಂದು ವಿಚಾರಿಸಿ ತಿಳಿದುಕೊಂಡಿದ್ದೇನೆ. ಎತ್ತು ಏರಿಗೆ, ಕೋಣ ನೀರಿಗೆ. (ಎತ್ತು ಯಾರು, ಕೋಣ ಯಾರು ಎಂದು ಇಲ್ಲಿ ನಮೂದಿಸಿಲ್ಲ.) ಅವಳಿಲ್ಲದೆ ನಾನು ಬದುಕಲಾರೆ, ಕಾರಿಲ್ಲದೆಯೂ ಕಷ್ಟ.

3. ಸದರಿ ಕಾರಿನ ಎಂಟು ಸಿಲಿಂಡರಿನ ಎಂಜಿನ್ ಗೂಳಿಯಂತಿದ್ದರೂ ಸೀಟು ಮಾತ್ರ ಅಜ್ಜಿಮನೆಯ ಹಾಸಿಗೆ. ಆದಕಾರಣ ತಮ್ಮ ತಾಯಿ ಐವಿ ಅಜ್ಜಿಯವರು ದಿನಾ ಟೀ ಲೋಟದೊಂದಿಗೆ ಅದರ ಹಿಂದಿನ ಸೀಟಿಗೆ ಬಂದು ಬಿಡಾರ ಹೂಡುತ್ತಾರೆ.

4. ನಮ್ಮೂರಿನ ಪದ್ಧತಿಯಂತೆ ಕೀಲಿಯನ್ನು ಕಾರಿನಲ್ಲೇ ಬಿಟ್ಟಿರುತ್ತೇನೆ. ನಿನ್ನೆ ಸಂಜೆ ಬಂದು ನೋಡಿದಾಗ ಎಂಜಿನ್ ಬಿಸಿಯಾಗಿತ್ತು. ಚಾಲಕನ ಸೀಟು ಎಷ್ಟು ಹಿಂದಕ್ಕೆ ಸರಿದಿತ್ತೆಂದರೆ ನನ್ನ ಕಾಲು ಪೆಡಲಿಗೆ ಎಟುಕಲಿಲ್ಲ. ಅಷ್ಟುದ್ದ ಕಾಲಿನವರು ಕೌರಾದಲ್ಲಿ ಒಬ್ಬರೇ. ಸೀಟಿನ ಮೇಲೆ ಫೋರ್ಡ್ ಬಿಲ್ಲೆಯ ಟೋಪಿಯೊಂದು ಬಿದ್ದಿತ್ತು. ಹಿಂದೆ ಕೂತಿದ್ದ ಅಜ್ಜಿಯನ್ನು ವಿಚಾರಿಸಲಾಗಿ, "ನಾನೇನೂ ನೋಡಿಲ್ಲಪ್ಪಾ, ಕಣ್ಮುಚ್ಕೊಂಡಿದ್ದೆ. ಸೇತುವೆ ಮೇಲೆ ಮಾತ್ರ ಭಾಳ ಜೋರಾಗಿ ಬಿಟ್ಟ. ಹಾಡು ಬೇರೆ ಹೇಳ್ತಿದ್ದ!" ಎಂದು ಹೇಳಿಕೆ ನೀಡಿರುತ್ತಾರೆ.

ಆದ್ದರಿಂದ, ಮತ್ತು ಮೇಲ್ಕಂಡ ನಾಲ್ಕನೆಯ ಅಂಶ ಇನ್ನೂ ಲೊರೆಲ್ ಕಿವಿಗೆ ಬಿದ್ದಿಲ್ಲವಾದ ಕಾರಣ, ಶನಿವಾರ ಗೇಟು ತೆರೆಸಿಕೊಡಬೇಕಾಗಿ ಪ್ರಾರ್ಥನೆ.

ತಮ್ಮ ವಿಶ್ವಾಸಿ,
(ಸದ್ಯಕ್ಕೆ ಬಾಯಿ ಬಿಡದ)
ಡೆಸ್ಮಂಡ್

ಲಗತ್ತುಗಳು:
1. ಟೋಪಿ.
2. ಐವಿ ಅಜ್ಜಿ (ಕಾರಿನಿಂದ ಇಳಿಯಲು ಒಪ್ಪದ ಕಾರಣ, ಗೇಟು ತೆರೆದ ಕೂಡಲೇ ಕಾರಿನ ಸಮೇತ ತಲುಪಿಸಲಾಗುವುದು).

ವಿ.ಸೂ.: ಇನ್ನು ಮುಂದೆ ಇಳಿಯುವಾಗ ಸೀಟನ್ನು ಮುಂದಕ್ಕೆ ಸರಿಸಿ ಇಳಿಯಬೇಕಾಗಿ ಕೋರಿಕೆ.