ಬೇರು ದಿನದ ಬದಲಿ ಮದುಮಗ

ಉಂಗುರ ಫೊರ್ತುನೆಯ ತೋರುಬೆರಳಿನ ಗೆಣ್ಣಿನಲ್ಲಿ ಸಿಕ್ಕಿಕೊಂಡಿತು. ವಿಟಾಲಿ ಒತ್ತಿದ, ಅದು ಅಲುಗಲಿಲ್ಲ. ತಿರುಗಿಸಿ ಹಾಕು ಎಂದು ಮದಾಮ್ ಮತಿಲ್ಡಾ ವೇದಿಕೆಯ ಕೆಳಗಿನಿಂದ ಪಿಸುಗುಟ್ಟಿದರು. ಅವರ ಪಿಸುಮಾತು ಎಂದರೆ ಬಂದರಿನಲ್ಲಿ ದೋಣಿ ಕಟ್ಟುವವರೂ ತಲೆ ಎತ್ತಿ ನೋಡುವಂಥದ್ದು. ವಿಟಾಲಿ ತಿರುಗಿಸಿದ. ಉಂಗುರ ಬುಡಕ್ಕೆ ಇಳಿದು ಕೂತಿತು. ಎಡಗೈಯ ಚೀಟಿ ನೋಡಿಕೊಂಡು ಅವನು ಹೀಬ್ರೂವಿನಲ್ಲಿ ತಡವರಿಸುತ್ತ ಓದಿದ: ಮೋಶೆಯ ಮತ್ತು ಇಸ್ರಾಯೇಲಿನ ಧರ್ಮದಂತೆ ಈ ಉಂಗುರದಿಂದ ನೀನು ನನಗೆ ಮೀಸಲು.

ಇಜ್ಮಿರ್‌ನ ಯೆಹೂದಿ ಯುವಜನರನ್ನು ಪರಂಪರೆಗೆ ಜೋಡಿಸುವ 'ಬೇರು ದಿನ' ಅದು. ವೇದಿಕೆಯ ಮೇಲೆ ಸಾಂಪ್ರದಾಯಿಕ ಮದುವೆಯ ನಾಟಕ, ಮದುಮಗಳ ಪಾತ್ರ ಫೊರ್ತುನೆಯದು. ವಿಟಾಲಿ ಯುವಜನನೂ ಅಲ್ಲ, ಬೇರುಗಳ ಮೇಲೆ ಅವನಿಗೆ ಪ್ರೀತಿಯೂ ಇರಲಿಲ್ಲ. ಸಭಾಂಗಣದ ಏಸಿ ಕೆಟ್ಟಿತ್ತು, ಅದನ್ನು ರಿಪೇರಿ ಮಾಡಲು ಬಂದಿದ್ದ. ಮದುಮಗನ ಪಾತ್ರಕ್ಕೆ ಒಪ್ಪಿದ್ದ ಕಾಲೇಜು ಹುಡುಗ ಗೆಳೆಯರ ಜೊತೆ ಸಮುದ್ರಕ್ಕೆ ಈಜಲು ಹೋಗಿದ್ದ. ಮದಾಮ್ ಮತಿಲ್ಡಾ ಸಮಿತಿಯ ಅಧ್ಯಕ್ಷೆ. ಪ್ಯಾಂಟು ಹಾಕಿದ ಯಾವ ಪ್ರಾಣಿಯಾದರೂ ಆದೀತು ಎಂದು ಸುತ್ತ ನೋಡಿದವರಿಗೆ ಏಣಿಯ ಮೇಲೆ ವಿಟಾಲಿಯ ಕಾಲುಗಳು ಕಂಡವು.

ನಾಟಕಕ್ಕೆಂದು ತಂದಿದ್ದ ಪ್ಲಾಸ್ಟಿಕ್ ಉಂಗುರ ಅವರಿಗೆ ಹಿಡಿಸಲಿಲ್ಲ. ವಿದೇಶದಿಂದ ಬಂದ ದಾನಿಗಳು ಮುಂದಿನ ಸಾಲಿನಲ್ಲೇ ಕೂತು ವಿಡಿಯೊ ಮಾಡುತ್ತಿದ್ದರು. ಮುಂದಿನ ಭಾನುವಾರ ಇಸ್ತಾಂಬುಲ್‌ನಲ್ಲಿ ವಿಟಾಲಿಗೂ ಕ್ಲಾರಾಗೂ ಮದುವೆ, ಅಕ್ಕಸಾಲಿಗನಿಂದ ಮಾಡಿಸಿ ತಂದ ಚಿನ್ನದ ಉಂಗುರ ಅವನ ಅಂಗಿಯ ಜೇಬಿನಲ್ಲಿದೆ ಎಂಬುದು ಊರಿಗೆಲ್ಲ ಗೊತ್ತಿದ್ದ ಮೇಲೆ ಮತಿಲ್ಡಾ ಅವರಿಗೆ ಗೊತ್ತಿಲ್ಲದೆ ಇರುತ್ತದೆಯೇ?

"ತೆಗಿಯಪ್ಪ ಅದನ್ನ," ಎಂದಿದ್ದರು. "ಹೆಂಡ್ತಿ ಕೈಗೆ ಹೋಗೋದ್ರೊಳಗೆ ಸಮಾಜಕ್ಕೆ ಒಂದ್ಸಲ ಉಪಯೋಗಕ್ಕೆ ಬರ್ಲಿ."

ಎಲ್ಲವೂ ಅಸಲಿಯಾಗಿ ಕಾಣಬೇಕೆಂದು ಸಾಕ್ಷಿಗಳ ಜಾಗದಲ್ಲಿ ಇಬ್ಬರು ಗಡ್ಡದ ಹಿರಿಯರನ್ನು ನಿಲ್ಲಿಸಿದ್ದರು. ಯಾವ ಕೆಲಸವನ್ನೂ ಮಾಡಬಾರದ ಸಬ್ಬತ್ತಿನ ದಿನ ದೀಪದ ಸ್ವಿಚ್ಚನ್ನು ಕಣ್ಣೆತ್ತಿಯೂ ನೋಡದಷ್ಟು ನಿಷ್ಠರು ಅವರು. ಯುವಜನರು ಮಾತ್ರ ನಿಜಕ್ಕೂ ಅಸಲಿಯಾಗಿಯೇ ಇದ್ದರು. ಪಿಜ್ಜಾದ ಆಸೆಗೆ ಬಂದು, ಗೊಂತಿಗೆ ಮುಖವಿಟ್ಟ ಕುರಿಗಳ ಹಾಗೆ ಫೋನಿಗೆ ಮುಖವಿಟ್ಟಿದ್ದರು.

ಮುಂದಿನ ಸಾಲಿನ ಕೊನೆಯಲ್ಲಿ ರಬ್ಬಿ ಮೊರ್ದೊ ಬೆಳಗಿನಿಂದ ನಿದ್ದೆಯಲ್ಲಿದ್ದರು. ಮೇಣದ ಬತ್ತಿ ಹಚ್ಚುವ ಪಾಠವಾಗಲಿ, ದಾನಿಗಳ ಭಾಷಣವಾಗಲಿ ಅವರನ್ನು ಎಬ್ಬಿಸಿರಲಿಲ್ಲ. ವಿಟಾಲಿ ಓದಿದ ಆ ಒಂದು ವಾಕ್ಯ ಎಬ್ಬಿಸಿತು, ಪಕ್ಕದ ಕೋಣೆಯಲ್ಲಿ ಕೂಸು ಕುಂಯ್ ಎಂದರೆ ತಾಯಿ ಏಳುವ ಹಾಗೆ.

"ಉಂಗುರ ಯಾರದಪ್ಪ?" ಎಂದು ಕೇಳಿದರು.

"ನಂದೇ, ರಬ್ಬಿಗಳೇ."

"ಯಾರ ಹತ್ರನೂ ಕೇಳಿ ತಂದಿದ್ದಲ್ಲ ತಾನೇ?"

ವಿಟಾಲಿಯ ಸ್ವಾಭಿಮಾನಕ್ಕೆ ಪೆಟ್ಟು ಬಿತ್ತು. ಸ್ವಂತ ದುಡಿಮೆಯದು, ಅಕ್ಕಸಾಲಿಗನಿಗೆ ಚಿಕ್ಕಾಸೂ ಬಾಕಿಯಿಲ್ಲ ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. ತನ್ನ ಹೊಂಡವನ್ನು ಇಷ್ಟು ಹೆಮ್ಮೆಯಿಂದ ತೋಡಿಕೊಂಡವನು ಇಜ್ಮಿರ್‌ನಲ್ಲಿ ಹಿಂದೆ ಇರಲಾರ. ರಬ್ಬಿಗಳು ಇಬ್ಬರು ಹಿರಿಯರತ್ತ ತಿರುಗಿ, ನೀವು ಕಣ್ಣಾರೆ ಕಂಡಿರಾ ಎಂದು ಕೇಳಿದರು. ಕನ್ನಡಕವಿಲ್ಲದೆಯೇ ಕಂಡೆವು ಎಂದು ಅವರು ಎದೆಯುಬ್ಬಿಸಿದರು. ಬಲವಂತವೇನಾದರೂ ಇತ್ತೇನಮ್ಮ ಎಂದು ಫೊರ್ತುನೆಯನ್ನು ಕೇಳಿದರು. ಅವಳು ಇಲ್ಲ ಎಂದಳು.

"ಹಾಗಿದ್ರೆ ನೀವಿಬ್ರೂ ಗಂಡ ಹೆಂಡ್ತಿ," ಎಂದರು ರಬ್ಬಿ ಮೊರ್ದೊ.

ವಿಟಾಲಿ ನಕ್ಕ. ಜೊತೆಗೆ ಯಾರೂ ನಗದಿದ್ದುದರಿಂದ ಆ ನಗು ವೇದಿಕೆಯ ಮೇಲೆ ಒಂಟಿಯಾಗಿ ನಿಂತುಬಿಟ್ಟಿತು.

"ಇದು ನಾಟಕ, ರಬ್ಬಿಗಳೇ."

"ನಗ್ತಾ ಹೇಳಿದ್ರೂ ಅಳ್ತಾ ಹೇಳಿದ್ರೂ ಆ ಮಾತಿಗೆ ಒಂದೇ ಬೆಲೆ ಕಣಪ್ಪ. ಸ್ವಂತ ಉಂಗುರ, ಆ ಮಾತು, ಇಬ್ರು ಸಾಕ್ಷಿಗಳು, ಮದ್ವೆಗೆ ಅಷ್ಟೇ ಸಾಕು. ಪೂರ್ತಿ ಮದ್ವೆಯೋ ಅರೆಬರೆ ಮದ್ವೆಯೋ ಅಂತ ದೊಡ್ಡವರು ಕೂತು ವಾದ ಮಾಡ್ಲಿ, ವರ್ಷಗಟ್ಟಲೆ ಹಿಡಿಯುತ್ತೆ. ಸಂಶಯ ಅಂತ ಬಂದ್ಮೇಲೆ ನೀನು ಇವಳಿಗೆ ಬಿಡುಗಡೆ ಪತ್ರ ಕೊಡ್ಬೇಕು, ಇವಳು ಅದನ್ನ ತಗೋಬೇಕು. ಅಲ್ಲೀವರೆಗೂ ಬೇರೆ ಮದ್ವೆ ಯಾವ ರಬ್ಬೀನೂ ನಿಂಗೆ ಮಾಡಿಸಲ್ಲ."

ಆಗ ಒಂದು ಪವಾಡ ನಡೆಯಿತು. ಯುವಜನರೆಲ್ಲ ಒಟ್ಟಿಗೆ ಫೋನಿನಿಂದ ಮುಖ ಎತ್ತಿದರು. ಎತ್ತಿ, ಫೋನನ್ನೂ ಎತ್ತಿದರು.

ವಿಟಾಲಿ ವೇದಿಕೆ ಇಳಿಯುವಷ್ಟರಲ್ಲಿ ವಿಡಿಯೊ ಇಸ್ತಾಂಬುಲ್ ಮುಟ್ಟಿತ್ತು. ಕ್ಲಾರಾ ಫೋನಿನಲ್ಲಿ ಕಿರುಚಲಿಲ್ಲ. ಆ ಹುಡುಗಿಯ ಬೆರಳು ದಪ್ಪ ಎಂದಷ್ಟೇ ಹೇಳಿ ಫೋನನ್ನು ತಂದೆಯ ಕೈಗೆ ಕೊಟ್ಟಳು. ಪರದೆ ಬಟ್ಟೆಯ ವ್ಯಾಪಾರಿ ಅವರು. ಅವರ ಬಾಯಿಂದ 'ಆಗಲಿ' ಎನ್ನಿಸಲು ವಿಟಾಲಿ ಎರಡು ಬೇಸಿಗೆ ಅವರ ಮನೆಯ, ಅಂಗಡಿಯ, ಗೋದಾಮಿನ ಏಸಿಗಳನ್ನೆಲ್ಲ ಪುಕ್ಕಟೆ ರಿಪೇರಿ ಮಾಡಿದ್ದ. ಹೊತ್ತು ಮುಳುಗುವುದರೊಳಗೆ ಬಿಡುಗಡೆಯಾಗಬೇಕು, ಅದನ್ನು ತಾನು ಕಣ್ಣಾರೆ ನೋಡಬೇಕು, ಇಲ್ಲದಿದ್ದರೆ ಈ ಸಂಬಂಧ ಮುಗಿಯಿತು ಎಂದು ಅವರು ತಣ್ಣಗೆ ಹೇಳಿದರು. ವಿಟಾಲಿ ಆಗಲಿ ಎಂದ. ಅವನ ಪ್ರಪಂಚವೆಲ್ಲ ಕ್ಲಾರಾ.

ಫೊರ್ತುನೆ, ಉಂಗುರ ಬರುತ್ತಿಲ್ಲ, ಸೋಪು ಹಚ್ಚಿ ನೋಡುತ್ತೇನೆ ಎಂದು ತನ್ನ ಔಷಧಿ ಅಂಗಡಿಗೆ ಹೊರಟುಹೋದಳು. ಅವಳನ್ನು ಏನಾದರೂ ಕೇಳಬೇಕೆಂದು ವಿಟಾಲಿಗೂ ಹೊಳೆಯಲಿಲ್ಲ, ಬೇರೆ ಯಾರಿಗೂ ಹೊಳೆಯಲಿಲ್ಲ.

ಅವಳ ತಾಯಿ ಎಸ್ತ್ರೆಯಾ ಮಾತ್ರ ಬಿಸಿ ಬೊಯೊಜ್‌ ರೊಟ್ಟಿಯ ತಟ್ಟೆ ಹಿಡಿದು ಓಡಿಬಂದರು. ಅಳಿಯನ ಕೆನ್ನೆ ಹಿಂಡಿದರು, ಹಲ್ಲು ನೋಡಿದರು, ಸಂಜೆಯವರೆಗಾದರೂ ಅಳಿಯನೇ ಅಲ್ಲವೇ ಎಂದು ಮನೆಗೆ ಕರೆದುಕೊಂಡು ಹೋಗಿ ತೊಟ್ಟಿಕ್ಕುತ್ತಿದ್ದ ಏಸಿಯ ಕೆಳಗೆ ನಿಲ್ಲಿಸಿದರು. ಇವರನ್ನು ಎದುರು ಹಾಕಿಕೊಂಡರೆ ಬಿಡುಗಡೆಗೆ ಅಡ್ಡ ಬಂದಾರು ಎಂದು ವಿಟಾಲಿ ಏಣಿ ಹತ್ತಿದ. ಎರಡು ಸಂಬಂಧ, ಎರಡೂ ಕಡೆ ಏಣಿ. ಮೇಲೆ ಅವನು ಸ್ಕ್ರೂ ಬಿಗಿಯುತ್ತಿದ್ದರೆ ಕೆಳಗೆ ಎಸ್ತ್ರೆಯಾ ಊರೂರಿನ ನೆಂಟರಿಗೆ ಫೋನು ಮಾಡಿ, ಗಂಡು ನೋಡೋಕೆ ಅಷ್ಟಕ್ಕಷ್ಟೇ, ಕೈಕೆಲಸ ಗೊತ್ತು ಎಂದು ವರದಿ ಒಪ್ಪಿಸುತ್ತಿದ್ದರು.

ಅವನು ಸಭಾಂಗಣಕ್ಕೆ ಮರಳಿದಾಗ ಬಾಗಿಲಲ್ಲಿ ಹೊಸ ಪೋಸ್ಟರು ಅಂಟಿಸಿದ್ದರು: ಬೇರು ದಿನ, ಎರಡನೆಯ ಭಾಗ, ಬಿಡುಗಡೆಯ ಪರಂಪರೆ. ಕೆಳಗೆ ಅವನದೇ ಫೋಟೊ. ಬೆಳಿಗ್ಗೆ ಖಾಲಿ ಕುರ್ಚಿಗಳಿಗೆ ಭಾಷಣ ಮಾಡಿದ್ದ ಮತಿಲ್ಡಾ ಈಗ ಕುರ್ಚಿ ಸಾಲದೆ ಪಕ್ಕದ ಹೋಟೆಲಿನಿಂದ ತರಿಸುತ್ತಿದ್ದರು. ಈಜಲು ಹೋಗಿದ್ದ ಮದುಮಗನೂ ಒದ್ದೆ ತಲೆಯಲ್ಲಿ ಬಂದು ಕೂತಿದ್ದ. ಪ್ರಾರ್ಥನೆಗೆ ಬಾರದವರು, ಹಬ್ಬಕ್ಕೆ ಬಾರದವರು, ಇನ್ನೊಬ್ಬನ ಮಾನ ಹೋಗುತ್ತದೆ ಎಂದೊಡನೆ ಬೇರು ಹುಡುಕಿಕೊಂಡು ಕಿಟಕಿಗಳ ಮೇಲೆಲ್ಲ ಹತ್ತಿದ್ದರು. ಏಸಿ ಕೆಟ್ಟೇ ಇತ್ತು. ದಾನಿಗಳು ಬೆವರುತ್ತ, ಕಣ್ಣೊರೆಸಿಕೊಳ್ಳುತ್ತ, ಇಂಥ ಯುವಶಕ್ತಿಯನ್ನು ಎಲ್ಲೂ ಕಂಡಿಲ್ಲ ಎನ್ನುತ್ತಿದ್ದರು.

ರಬ್ಬಿ ಮೊರ್ದೊ ಗರಿಯ ಲೇಖನಿ ಚೂಪು ಮಾಡಿಕೊಂಡರು. ಗಂಡನನ್ನು ಊರು ಏನೇನು ಹೆಸರಿನಿಂದ ಕರೆಯುತ್ತದೋ ಅವೆಲ್ಲ ಪತ್ರದಲ್ಲಿ ಬರಬೇಕು, ಒಂದು ಬಿಟ್ಟರೂ ಪತ್ರ ಕೆಟ್ಟಿತು, ತಿಳಿದವರು ಹೇಳಿ ಎಂದರು.

ಊರು ಇಂಥದ್ದಕ್ಕೇ ಕಾದಿತ್ತು. ಶಾಲೆಯ ಗೆಳೆಯನೊಬ್ಬ ಎದ್ದು 'ಬದನೆಕಾಯಿ' ಎಂದ. ಸೋದರತ್ತೆ 'ಸಿಂಬಳಬುರುಕ' ಎಂದಳು. ಹಿಂದಿನ ಸಾಲಿನಿಂದ 'ಸೋರುವ ವಿಟಾಲಿ' ಎಂಬ ಕೂಗು ಬಂತು. ಅವನು ರಿಪೇರಿ ಮಾಡಿದ ಏಸಿಗಳೆಲ್ಲ ಆಮೇಲೆ ತೊಟ್ಟಿಕ್ಕುತ್ತವೆಂದು ಇಟ್ಟ ಹೆಸರು.

"ಇದನ್ನ ಮುಖಕ್ಕೆ ಹೇಳ್ತೀರೋ, ಬೆನ್ನ ಹಿಂದೋ?" ರಬ್ಬಿಗಳು ಲೇಖನಿ ಎತ್ತಿ ಹಿಡಿದು ಗಂಭೀರವಾಗಿ ಕೇಳಿದರು. "ಮುಖಕ್ಕೆ ಹೇಳಿದ್ರೆ ಮಾತ್ರ ಬರೀಬೇಕು."

ಇವತ್ತಿನವರೆಗೂ ಬೆನ್ನ ಹಿಂದೆ, ಇನ್ನು ಮುಂದೆ ಮುಖಕ್ಕೇ ಎಂದು ಸಭೆ ಒಮ್ಮತದಿಂದ ತೀರ್ಮಾನಿಸಿತು. ವಿಟಾಲಿ ತಲೆ ತಗ್ಗಿಸಿ ಎಲ್ಲವನ್ನೂ ಒಪ್ಪಿಕೊಂಡ. ಎದುರಿನ ಮೇಜಿನ ಮೇಲೆ ಯಾರೋ ನಿಲ್ಲಿಸಿದ್ದ ಫೋನಿನೊಳಗಿಂದ ಕ್ಲಾರಾಳ ತಂದೆ ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಅವರ ಭುಜದ ಹಿಂದೆ ಕ್ಲಾರಾಳ ಅರ್ಧ ಮುಖ ಕಾಣುತ್ತಿತ್ತು.

ಕಿಟಕಿಯ ಬಿಸಿಲು ಕೆಂಪಾಗುವ ಹೊತ್ತಿಗೆ ಪತ್ರ ಸಿದ್ಧವಾಯಿತು. ಫೊರ್ತುನೆ ಅಂಗಡಿ ಮುಚ್ಚಿ, ಬಿಳಿ ಕೋಟಿನಲ್ಲೇ ಬಂದಳು. ಕೈಗಳೆರಡೂ ಜೇಬಿನಲ್ಲಿದ್ದವು.

"ಕೈ ತೆಗೆದು ಬೊಗಸೆ ಮಾಡಮ್ಮ," ಎಂದರು ರಬ್ಬಿಗಳು. "ಅವನು ಪತ್ರ ಹಾಕ್ತಾನೆ, ಅಲ್ಲಿಗೆ ಮುಗೀತು."

"ಹಾಕಿದ್ಮೇಲೆ ನಾನು ಮತ್ತೆ ಮದ್ವೆ ಆಗ್ಬಹುದಾ?"

"ಮೂರು ತಿಂಗಳು ಕಳೀಲಿ, ಧಾರಾಳವಾಗಿ."

ಮತಿಲ್ಡಾ ಆಗಲೇ ಎಸ್ತ್ರೆಯಾರ ಕಿವಿಗೆ ಬಾಗಿ, ಬುರ್ಸಾದಲ್ಲಿ ಹೆಂಡತಿ ತೀರಿಕೊಂಡ ಗುಂಡಿ ವ್ಯಾಪಾರಿಯೊಬ್ಬರಿದ್ದಾರೆ, ಗಂಡ ಬಿಟ್ಟವಳಾದರೂ ಪರವಾಗಿಲ್ಲ ಎನ್ನುತ್ತಾರೆ ಎಂದು ಇಡೀ ಸಭೆಗೆ ಕೇಳುವಂತೆ ಹೇಳುತ್ತಿದ್ದರು. ಎಸ್ತ್ರೆಯಾ ಆಗಲೇ ಫೋನು ತೆಗೆದಿದ್ದರು. ಫೊರ್ತುನೆ ಒಂದು ಕ್ಷಣ ಅವರಿಬ್ಬರನ್ನೂ ನೋಡಿದಳು.

"ನಾನು ತಗೊಳ್ದೇ ಇದ್ರೆ?"

"ತಗೊಳ್ದೇ ಇದ್ರೆ ನೀನು ಯಾರನ್ನೂ ಮದ್ವೆ ಆಗೋ ಹಾಗಿಲ್ಲ. ಗಂಡು ಅಂತ ಒಬ್ಬನೂ ನಿಮ್ಮ ಮನೆ ಮೆಟ್ಟಿಲು ಹತ್ತೋ ಹಾಗಿಲ್ಲ. ಬಲವಂತ ಮಾಡಿ ಕೊಡೋ ಪದ್ಧತಿ ನಮ್ಮಲ್ಲಿಲ್ಲ."

"ರಬ್ಬಿಗಳೇ, ಆರು ವರ್ಷದಿಂದ ಪ್ರತಿ ವಾರ ನಮ್ಮ ಸೋಫಾದಲ್ಲಿ ಯಾವನೋ ಒಬ್ಬ ತಾಯಿ ಜೊತೆ ಬಂದು ಕೂತಿರ್ತಾನೆ. ನಾನು ಕಾಫಿ ತರೋದು, ಅವನ ತಾಯಿ ನನ್ನ ಸೊಂಟ ನೋಡೋದು. ಇವತ್ತು ಮಧ್ಯಾಹ್ನ ಅಂಗಡಿಗೆ ಹೆಂಗಸರು ಬಂದ್ರು, ಕೆಮ್ಮಿನ ಔಷಧಿ ತಗೊಂಡ್ರು, ಉಂಗುರ ನೋಡಿದ್ರು, ಹೋದ್ರು. ಒಬ್ಬರೂ ಪರ್ಸಿಂದ ತಮ್ಮನ ಫೋಟೊ ತೆಗೀಲಿಲ್ಲ. ಇಂಥ ಮಧ್ಯಾಹ್ನ ನಾನು ಕಂಡೇ ಇರ್ಲಿಲ್ಲ."

ವಿಟಾಲಿ ಮಡಿಸಿದ ಪತ್ರ ಹಿಡಿದು ಒಂದು ಹೆಜ್ಜೆ ಮುಂದೆ ಬಂದ. ಹಾಗಾದರೆ ನನ್ನ ಗತಿಯೇನು ಎಂದು ಕೇಳಿದ.

"ನಿಮ್ಮಿಂದ ನಂಗೇನೂ ಬೇಡ," ಎಂದಳು ಫೊರ್ತುನೆ, ಗಿರಾಕಿಗೆ ಗುಳಿಗೆಯ ಲೆಕ್ಕ ಹೇಳುವ ಸಮಾಧಾನದಲ್ಲಿ. "ಮನೆಗೆ ಬರ್ಬೇಡಿ, ಫೋನ್ ಮಾಡ್ಬೇಡಿ. ಎಲ್ಲೋ ಒಂದ್ಕಡೆ ಇದ್ರೆ ಸಾಕು."

ಉಂಗುರ ನೀನೇ ಇಟ್ಟುಕೋ ಎಂದ ವಿಟಾಲಿ. ನಿನ್ನ ಅಂಗಡಿಯ ಏಸಿಯನ್ನು ನಾನು ಬದುಕಿರುವವರೆಗೂ ನೋಡಿಕೊಳ್ಳುತ್ತೇನೆ ಎಂದ. ಫೋನಿನೊಳಗೆ ಕ್ಲಾರಾಳ ತಂದೆ ಕುರ್ಚಿಯಿಂದ ಏಳುತ್ತಿದ್ದರು. ಕಿಟಕಿಯಲ್ಲಿ ಬಿಸಿಲಿನ ಒಂದೇ ಒಂದು ಗೆರೆ ಉಳಿದಿತ್ತು. ವಿಟಾಲಿ ಎರಡೂ ಕೈಗಳಲ್ಲಿ ಪತ್ರ ಹಿಡಿದು, ಬೇಡುವವನ ಹಾಗೆ ಅವಳ ಮುಂದೆ ಚಾಚಿದ.

ಫೊರ್ತುನೆ ಕೈಗಳನ್ನು ಜೇಬಿನಲ್ಲಿ ಇನ್ನಷ್ಟು ಆಳಕ್ಕೆ ಇಳಿಸಿದಳು.

"ಬೇಡ," ಎಂದಳು.