ಆಷಾಢದ ಗಾಳಕ್ಕೆ ಮೂರು ನೊಣ

ಮೀನು ಹಿಡಿಯುವುದರಲ್ಲಿ ಅಂಥ ಕಷ್ಟವೇನಿದೆ ಎಂದು ಆ ಭಾನುವಾರದವರೆಗೂ ನಾನು ಪ್ರಾಮಾಣಿಕವಾಗಿ ನಂಬಿದ್ದೆ. ನೋಡಿದ್ದನ್ನು ನೋಡಿದ ಹಾಗೇ ಮಾಡಿ ತೋರಿಸುವುದು ನನ್ನ ಹುಟ್ಟುಗುಣ. ಇಳಕಲ್ಲಿನ ನಮ್ಮ ಓಣಿಯಲ್ಲಿ ನಾನು ನಡೆದು ತೋರಿಸದ ನಡಿಗೆಯಿಲ್ಲ, ಕೆಮ್ಮಿ ತೋರಿಸದ ಕೆಮ್ಮಿಲ್ಲ. ಬಸ್ಸಿನ ಕಂಡಕ್ಟರ್, ಹೆಡ್‌ಮಾಸ್ತರ್, ಮದುವೆಗಳಲ್ಲಿ ಭಾಷಣ ಬಿಗಿಯುವ ನಮ್ಮ ಸೋದರಮಾವ, ಎಲ್ಲರೂ ನನ್ನ ಬಾಯಲ್ಲಿ ಬಾಡಿಗೆಯಿಲ್ಲದೆ ವಾಸವಾಗಿದ್ದರು. ಹೀಗಿರುವಾಗ ಒಬ್ಬ ಮೀನು ಹಿಡಿಯುವವನು ಯಾವ ಲೆಕ್ಕ?

ಆ ಒಬ್ಬನೆಂದರೆ ಒಬ್ಬ ಪರದೇಶದ ಸಾಹೇಬ. ಬಾದಾಮಿಯ ಗುಡಿಗಳನ್ನು ಮುಗಿಸಿ, ಸೀರೆ ನೇಯುವುದನ್ನು ನೋಡಲು ನಮ್ಮ ಮಗ್ಗದ ಮನೆಗೆ ಬಂದಿದ್ದ. ಮರುದಿನ ನನ್ನನ್ನೂ ಕರೆದುಕೊಂಡು ಮಲಪ್ರಭೆಯ ದಂಡೆಗೆ ಹೋದ. ಅವನ ಗಾಳಕ್ಕೆ ಎರೆಹುಳವೇ ಇಲ್ಲ! ಕೊಕ್ಕೆಗೆ ಕೋಳಿಗರಿ, ರೇಷ್ಮೆ ಸುತ್ತಿ ಮಾಡಿದ ಸುಳ್ಳು ನೊಣ. ಅದೂ ಒಂದಲ್ಲ. ಕಣ್ಣಿಗೆ ಕಾಣದಂಥ ನೈಲಾನ್ ಎಳೆಗೆ, ಅಂದರೆ ನಮ್ಮ ಕಡೆಯ ತಂಗೂಸಿಗೆ, ಮೂರು ನೊಣ! ಒಂದು ತುದಿಗೆ, ಇನ್ನೆರಡು ಅದರ ಮೇಲೆ ಮೊಳಕ್ಕೊಂದರಂತೆ, ಗಿಡದ ಟೊಂಗೆಯ ಹಾಗೆ ಪಕ್ಕಕ್ಕೆ ಚಾಚಿಕೊಂಡು. ಮೀನಿಗೆ ಯಾವುದು ಬೇಕೋ ಅದನ್ನು ತಿನ್ನಲಿ ಎಂಬ ಖಾನಾವಳಿ ಪದ್ಧತಿ.

ಸಾಹೇಬ ಕೈ ಬೀಸಿದ ರೀತಿ, ಕಾಲು ಊರಿದ ರೀತಿ, ನಡುನಡುವೆ ಮೂಗು ತುರಿಸಿಕೊಂಡ ರೀತಿ, ಎಲ್ಲವನ್ನೂ ಕಲಿತೆ. ಗಂಟು ಹಾಕುವಾಗ ಮಾತ್ರ ಅವನು ಗಾಳಿಗೆ ಬೆನ್ನು ತಿರುಗಿಸಿ ನಿಂತಿದ್ದ. ನನಗೆ ಕಂಡದ್ದು ಅವನ ಬೆನ್ನು. ಅದನ್ನೂ ಕಲಿತೆ!

ಹೋಗುವಾಗ ಒಂದು ನೊಣ, ಒಂದು ಸುತ್ತು ತಂಗೂಸಿ ಕೊಟ್ಟು ಹೋದ.

ಅಷ್ಟರಲ್ಲಿ ಆಷಾಢ ಬಂತು. ಮದುವೆಯಾದ ಮೊದಲ ವರ್ಷ. ಪದ್ಧತಿಯ ಪ್ರಕಾರ ಹೆಂಡತಿ ಕಸ್ತೂರಿ ತವರಿಗೆ ಹೋದಳು. ಶ್ರಾವಣದ ನಾಗರಪಂಚಮಿಗೆ ಉಂಡಿ ತಿಂದೇ ಬರುವವಳು. ಹೊಸ ಅಳಿಯ ಆಷಾಢದಲ್ಲಿ ಮಾವನ ಮನೆಯ ಹೊಸ್ತಿಲು ತುಳಿಯಬಾರದು. ನಾನು ಇಪ್ಪತ್ತು ದಿನ ಬಹಳ ಧೈರ್ಯದಿಂದ ಇದ್ದೆ. ಇಪ್ಪತ್ತೊಂದನೆಯ ದಿನ ನನಗೆ ಮೀನು ಹಿಡಿಯುವ ಹವ್ಯಾಸ ಹತ್ತಿತು. ಹೊಳೆ ಇರುವುದು ಮಾವನ ಊರಿನಲ್ಲಿ. ಅದಕ್ಕೆ ನಾನೇನು ಮಾಡಲಿ?

ಪಕ್ಕದ ಮನೆಯ ಹುಂಜ ನನ್ನನ್ನು ಕಂಡರೆ ಇವತ್ತಿಗೂ ಓಡುತ್ತದೆ. ಅದರ ಗರಿ, ಮಗ್ಗದ ಕೆಂಪು ರೇಷ್ಮೆಯ ಚೂರು ಸೇರಿಸಿ ಇನ್ನೆರಡು ನೊಣ ಕಟ್ಟಿದೆ. ತಂಗೂಸಿಗೆ ಜೋಡಿಸುವ ಪ್ರಶ್ನೆ ಬಂದಾಗ ನಗು ಬಂತು. ನೇಕಾರನಿಗೆ ಎಳೆ ಕೂಡಿಸುವುದನ್ನು ಕಲಿಸಬೇಕೆ? ಇಳಕಲ್ ಸೀರೆಯ ಮೈಗೆ ಒಂದು ಹಾಸು, ಅಂದರೆ ಉದ್ದದ ಎಳೆಗಳ ಸಾಲು, ಸೆರಗಿಗೆ ಇನ್ನೊಂದು. ಎರಡರ ಎಳೆಗಳನ್ನು ಗಂಟಿಲ್ಲದೆ ಒಂದರೊಳಗೊಂದು ತೂರಿಸಿ ಕೊಂಡಿ ಹಾಕುತ್ತೇವೆ. ಇಡೀ ಸೀರೆ ಆ ಕೊಂಡಿಯ ಮೇಲೆ ನಿಲ್ಲುತ್ತದೆ. ಮೂರು ನೊಣ ನಿಲ್ಲವೇ? ಮೂರಕ್ಕೂ ಕೊಂಡಿ ಹಾಕಿದೆ. ಎಳೆದು ನೋಡಿದೆ. ಕಬ್ಬಿಣ!

ಆ ಭಾನುವಾರ ಬಿದಿರಿನ ಕೋಲು ಹಿಡಿದು ಬಸ್ಸಿಳಿದು ಮಾವನ ಮನೆ ಮುಟ್ಟಿದಾಗ ಅತ್ತೆ ಬಾಗಿಲಲ್ಲೇ ಇದ್ದರು.

"ಯವ್ವಾ! ಆಷಾಢದಾಗ ಬಂದೀರಲ್ರಿ ಅಳ್ಯಾರ?"

"ನಿಮ್ಮನಿಗೆ ಬಂದಿಲ್ರಿ ಅತ್ತಿಯಾರ. ಹೊಳಿಗೆ ಬಂದೇನಿ. ಮೀನ ಹಿಡ್ಯಾಕ."

ಬಾಗಿಲ ಹಿಂದೆ ಬಳೆಗಳು ಕಿಲಕಿಲ ಎಂದವು. ನಾನು ಅತ್ತ ನೋಡಲಿಲ್ಲ. ಮೀನುಗಾರನಿಗೆ ಬಳೆಯ ಸದ್ದಿನಿಂದ ಏನಾಗಬೇಕು!

ಮಾವ ಚೀಲ ಹಿಡಿದು ಹೊರಟಿದ್ದರು. ಆ ವಾರದಲ್ಲೇ ಶ್ರಾವಣ ಹಿಡಿಯುತ್ತಿತ್ತು. ಆಮೇಲೆ ಒಂದು ತಿಂಗಳು ಆ ಮನೆಯಲ್ಲಿ ಮೀನಿನ ಹೆಸರೂ ಎತ್ತುವಂತಿಲ್ಲ. ಹಾಗಾಗಿ ಬಲೆಗಾರರಿಂದ ಒಳ್ಳೆಯ ಮೀನು ತಂದು ಕೊನೆಯ ಊಟ ಮಾಡುವುದು ಅವರ ವಾರ್ಷಿಕ ಸಂಕಲ್ಪ. ಅತ್ತೆ ಆಗಲೇ ಮಸಾಲೆ ಅರೆದಿಟ್ಟಿದ್ದರು.

"ಮಾವಾರ, ಆ ಚೀಲಾ ಇಡ್ರಿ. ನಾ ಇದ್ದಾಗ ನೀವು ಮೀನ ಕೊಂಡು ತಂದ್ರ ನನಗ ಅವಮಾನ."

ಮಾವ ಗಂಟಲು ಸರಿಮಾಡಿಕೊಂಡರು. ಎರಡೂ ಕೈ ಸೊಂಟಕ್ಕೆ, ಹೊಟ್ಟೆ ಮುಂದಕ್ಕೆ. "ನೋಡ್ರಿ ಅಳ್ಯಾರ, ಬಲಿಗಾರ್ರು ಮುಂಜಾನಿ ಒಮ್ಮೆ ಬಂದು ಹೋದ್ರ ಹೋದ್ರು. ಆಮ್ಯಾಲ ಸಿಗೂದಿಲ್ಲ. ತಿಳೀತೇನು?"

"ಒಂದ ಎಸತಕ್ಕ ಮೂರು ಮೀನ ತರ್ತೇನ್ರಿ!"

ಕಸ್ತೂರಿ ನೀರಿನ ಚರಿಗೆ ಕೊಡುವ ನೆಪದಲ್ಲಿ ಹತ್ತಿರ ಬಂದು ಪಿಸುಗುಟ್ಟಿದಳು. "ರೀ, ಅಪ್ಪಗ ಮೀನಂದ್ರ ಜೀಂವ. ಸುಳ್ಳ ಹೇಳಬ್ಯಾಡ್ರಿ."

"ನನ್ನ ಕೊಂಡಿ ನೋಡೀಯೇನು?"

"ನಿಮ್ಮ ಬಾಯಿ ನೋಡೇನಿ."

ಹೊಳೆಗೆ ಇನ್ನೂ ಮಳೆಗಾಲದ ಕೆಂಪು ನೀರು ಬಂದಿರಲಿಲ್ಲ. ದಂಡೆಯ ಮೇಲೆ ಅರ್ಧ ಊರು ಕೂತಿತ್ತು. ಮಾವ ನನ್ನ ಹಿಂದೆಯೇ ನಿಂತರು. ಮೂಗು ತುರಿಸಿಕೊಂಡೆ, ಕಾಲು ಊರಿದೆ, ಕೈಯನ್ನು ಹಿಂದಕ್ಕೆ ಒಯ್ದು ಜೋರಾಗಿ ಮುಂದಕ್ಕೆ ಬೀಸಿದೆ. ಹೊಳೆಯ ಮೇಲೆ ಏನೋ ದೊಡ್ಡದು, ಬೆಳ್ಳಗಿನದು, ಬಾಲ ಬಿಚ್ಚಿಕೊಂಡು ಹಾರಿತು. ಎಂಥ ಹಕ್ಕಿಯಪ್ಪಾ ಎಂದು ನಾನೂ ನೋಡಿದೆ.

ಮಾವನ ತಲೆಯ ಪಟಗಾ!

ಜನ ಸಿಳ್ಳೆ ಹಾಕಿದರು. ತೊಯ್ದ ಪಟಗಾವನ್ನು ಎಳೆದು ತಂದು, ಹಿಂಡಿ, ಎರಡೂ ಕೈಯಿಂದ ಸವಿನಯವಾಗಿ ಮಾವನಿಗೆ ಅರ್ಪಿಸಿದೆ. ಅವರು ಹತ್ತು ಹೆಜ್ಜೆ ದೂರ ಹೋಗಿ, ಬರಿದಲೆಯ ಮೇಲೆ ಕೈಯಿಟ್ಟುಕೊಂಡು ನಿಂತರು.

ಎರಡನೆಯ ಎಸೆತಕ್ಕೆ ಒಂದು ನೊಣ ನನ್ನ ಅಂಗಿಯ ಬೆನ್ನಿಗೆ ಕಚ್ಚಿತು, ಇನ್ನೊಂದು ಧೋತರದ ಕಚ್ಚೆಗೆ. ಮೂರನೆಯದು ಅವೆರಡನ್ನೂ ಸುತ್ತಿಕೊಂಡಿತು. ಅಲ್ಲೇ ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಕಸ್ತೂರಿ ಎದ್ದು ಬಂದು ಎಲ್ಲ ಬಿಡಿಸಿದಳು.

"ಮೀನ ಹಿಡ್ಯಾಕತ್ತೀರೋ, ನಿಮ್ಮನ್ನ ನೀವ ಹಿಡ್ಯಾಕತ್ತೀರೋ?"

ಇಪ್ಪತ್ತು ದಿನದ ಮೇಲೆ ಇಷ್ಟು ಹತ್ತಿರ ನಿಂತಿದ್ದಳು. ಇನ್ನೊಮ್ಮೆ ಸಿಕ್ಕಿಹಾಕಿಕೊಳ್ಳೋಣ ಅನಿಸಿತು.

ಮೂರನೆಯ ಎಸೆತ! ನೊಣಗಳು ನೀರಿನ ಮೇಲೆ ಸಾಹೇಬನ ನೊಣಗಳಂತೆಯೇ ಕೂತವು. ಗುಳುಂ! ಕೋಲು ಬಾಗಿತು. ಇನ್ನೊಮ್ಮೆ ಗುಳುಂ! ಒಂದಲ್ಲ, ಎರಡು ಮೀನು! ನನ್ನ ಕೊಂಡಿಗಳು ಮಗ್ಗದ ಹಾಸಿನಂತೆ ಬಿಗಿದು ನಿಂತವು. ದಂಡೆಯೆಲ್ಲ ಎದ್ದು ಕುಣಿಯಿತು. ಮಾವ ತಲೆಯಿಂದ ಕೈ ತೆಗೆದು ಓಡಿ ಬಂದರು.

"ಎಳೀರಿ ಅಳ್ಯಾರ! ಎಳೀರಿ! ಬಿಡಬ್ಯಾಡ್ರಿ!"

ಎಳೆದಿದ್ದರೆ ಈ ಲೇಖನ ಬರೆಯಬೇಕಿರಲಿಲ್ಲ. ಆದರೆ ಅಷ್ಟು ಜನ ಒಂದೇ ಕಡೆ ನಿಂತು ನನ್ನನ್ನೇ ನೋಡುತ್ತಿರುವಾಗ ನನಗೆ ಬೇರೊಂದು ರೋಗ ಏಳುತ್ತದೆ. ಜನರತ್ತ ತಿರುಗಿದೆ. ಗಂಟಲು ಸರಿಮಾಡಿಕೊಂಡೆ. ಎರಡೂ ಕೈ ಸೊಂಟಕ್ಕೆ, ಕೋಲು ಬಗಲಲ್ಲಿ, ಹೊಟ್ಟೆ ಮುಂದಕ್ಕೆ.

"ನೋಡ್ರಿ ಅಳ್ಯಾರ, ನೇಕಾರಗ ಮೀನ ಸಿಗೂದಿಲ್ಲ. ತಿಳೀತೇನು?"

ಊರು ಬಿದ್ದು ಬಿದ್ದು ನಕ್ಕಿತು. ಮಾವನ ಮೀಸೆಯೂ ಅಲ್ಲಾಡಿತು. ಅದು ನನ್ನ ಜೀವನದ ಶ್ರೇಷ್ಠ ಪ್ರದರ್ಶನ ಎಂದು ಈಗಲೂ ಹೇಳಬಲ್ಲೆ.

"ರೀ, ದಾರ ಸಡಲಾತ್ರಿ!" ಎಂದು ಕಸ್ತೂರಿ ಕೂಗಿದಳು.

ಮಗ್ಗದ ಮೇಲೆ ಎಳೆ ಎರಡೂ ಕಡೆಯಿಂದ ಬಿಗಿಯಾಗಿರುತ್ತದೆ, ಅದಕ್ಕೇ ಕೊಂಡಿ ನಿಲ್ಲುತ್ತದೆ. ಸಡಿಲ ಬಿಟ್ಟರೆ ಅದು ಕೊಂಡಿಯಲ್ಲ, ಎರಡು ದಾರಗಳ ಬರೀ ಪರಿಚಯ! ನಾನು ತಿರುಗುವಷ್ಟರಲ್ಲಿ ಒಂದು ನೊಣ ಬಿಚ್ಚಿಕೊಂಡು ಹೋಯಿತು. ಎರಡನೆಯದು ಹೋಯಿತು. ಮೂರನೆಯದಕ್ಕೆ ಮೀನೇ ಇರಲಿಲ್ಲ. ಒಬ್ಬನೇ ಇದ್ದು ಏನು ಮಾಡಲಿ ಎಂಬಂತೆ ಅದೂ ಹೋಯಿತು.

ಬಲೆಗಾರರು ಯಾವಾಗಲೋ ಮನೆಗೆ ಹೋಗಿದ್ದರು.

ಮಧ್ಯಾಹ್ನ ಹೊಸ್ತಿಲ ಹೊರಗಿನ ಕಟ್ಟೆಯ ಮೇಲೆ ಪಂಕ್ತಿ ಕೂತೆವು. ಅರೆದ ಮಸಾಲೆಯನ್ನು ಚೆಲ್ಲಲಾಗದೆ ಅತ್ತೆ ಅದರಲ್ಲಿ ಬದನೆಕಾಯಿ ಬೇಯಿಸಿದ್ದರು. ಪರಿಮಳವೆಲ್ಲ ಮೀನಿನದೇ. ಮಾವ ಹಸಿ ಪಟಗಾ ಸುತ್ತಿಕೊಂಡು, ಬದನೆಕಾಯಿಯನ್ನು ಒಂದೊಂದೇ ತಿರುವಿ ಹಾಕಿ ನೋಡಿದರು. ಯಾವುದಕ್ಕೂ ಬಾಲವಿರಲಿಲ್ಲ. ನಿಟ್ಟುಸಿರು ಬಿಟ್ಟು ರೊಟ್ಟಿ ಮುರಿದರು.

ನಾನು ತಲೆ ಬಗ್ಗಿಸಿ ಉಣ್ಣುತ್ತಿದ್ದೆ. ಕಸ್ತೂರಿ ನನ್ನ ತಾಟಿಗೆ, ಯಾರೂ ಕೇಳದಿದ್ದರೂ, ಎರಡನೆಯ ಸಲ ಬೆಣ್ಣೆ ಹಾಕಿದಳು. ಅತ್ತೆ ಅದನ್ನು ನೋಡಿದರು. ನನ್ನನ್ನೂ ನೋಡಿದರು.

"ಅಳ್ಯಾರ," ಎಂದರು ಬಹಳ ಮೆತ್ತಗೆ, "ಮುಂದಿನ ಸಲ ಹೆಂಡ್ತಿನ್ನ ನೋಡ್ಬೇಕಂದ್ರ ಸುಮ್ನ ಬರ್ರಿ. ಹೊಳ್ಯಾಗಿನ ಮೀನಕ್ಕ, ಮನ್ಯಾಗಿನ ಮುದುಕಗ ಯಾಕ ತ್ರಾಸ ಕೊಡ್ತೀರಿ?"

ಬಾಯಲ್ಲಿ ಬದನೆಕಾಯಿ ಇತ್ತು. ಗಂಟಲಿಗೆ ಮುಳ್ಳು ಸಿಕ್ಕವನ ಹಾಗೆ ಕೆಮ್ಮಿದೆ.