ಅಧ್ಯಕ್ಷರ ಕೊಬ್ಬರಿ ಎಣ್ಣೆ ಮತ್ತು ಕಾರಿನ ಎಸಿ

ಬೆಟ್ಟಸ್ವಾಮಿಯವರ ಮನೆಯಲ್ಲಿ ನೆಗಡಿಗೂ ಸುಟ್ಟಗಾಯಕ್ಕೂ ಕಿರುಗುಟ್ಟುವ ಬಾಗಿಲಿಗೂ ಔಷಧಿ ಒಂದೇ: ಗುಬ್ಬಿಯ ಸ್ವಂತ ತೋಟದ ಕೊಬ್ಬರಿ ಎಣ್ಣೆ. ತೆಂಗು ಬೆಳೆಗಾರರ ಸಂಘಕ್ಕೆ ಎರಡು ಅವಧಿ ಅಧ್ಯಕ್ಷರಾಗಿದ್ದವರು (‘ಮಾಜಿ’ ಎಂದರೆ ಅವರಿಗೆ ಆಗದು). ತೆಂಗಿನ ಬಗ್ಗೆ ಅವರಿಗೆ ಗೊತ್ತಿಲ್ಲದ್ದು ತೆಂಗಿನ ಮರಕ್ಕೂ ಗೊತ್ತಿರಲಾರದು.

ತುಮಕೂರಿನ ಅವರ ಮನೆ ನೋಡಲು ಕುಣಿಗಲ್ ಕಡೆಯ ಕೊತ್ತಗೆರೆಯಿಂದ ಚನ್ನವೀರಯ್ಯ ದಂಪತಿ ಬರುವವರಿದ್ದರು. ಒಪ್ಪಿಗೆಯಾದರೆ ಅವರ ಮಗಳು ಬೆಟ್ಟಸ್ವಾಮಿಯವರ ಮಗ ಚೈತನ್ಯನಿಗೆ. ಏಪ್ರಿಲ್ ಬಿಸಿಲು ಬೇರೆ. ಹುಡುಗಿಯ ತಾಯಿಗೆ ಸೆಕೆಯಾದರೆ ತಲೆಸುತ್ತು.

“ಬೆಳಿಗ್ಗೆ ತಂಪೊತ್ತಲ್ಲಿ ಬಸ್ಸಲ್ಲಿ ಬರ್ತಾರಂತೆ, ಬರ್ಲಿ ಬಿಡ್ರೀ,” ಎಂದರು ಹೆಂಡತಿ ಮಂಜುಳಮ್ಮ.

“ನನ್ನ ಬೀಗರು ಬಸ್ಸಲ್ಲಾ? ಎಸಿ ಹಾಕ್ಕೊಂಡು ಊಟಿಗೆ ಕರ್ಕೊಂಡೋದಂಗೆ ಕರ್ಕೊಂಡ್ ಬರ್ತೀನಿ, ನೋಡ್ತಿರು!”

ಕಾರಿನ ಎಸಿಯೋ, ಎರಡು ವರ್ಷದಿಂದ ಬಿಸಿ ನಿಟ್ಟುಸಿರು ಬಿಡುತ್ತಿತ್ತು. ಶುಕ್ರವಾರ ಕ್ಯಾತ್ಸಂದ್ರದ ಮೆಕ್ಯಾನಿಕ್ ನಾಸಿರ್ ಕಂಪ್ರೆಸರ್ ಬಿಚ್ಚಿ ಬೆಂಚಿನ ಮೇಲಿಟ್ಟ.

“ಗ್ಯಾಸ್ ಲೀಕ್ ಆಗಿ ಆಯಿಲ್ಲೂ ಜೊತೆಗೇ ಹೋಗೈತೆ ಸಾರ್. ಇದಕ್ಕೇ ಅಂತ ಬೇರೆ ಆಯಿಲ್ ಐತೆ, ನೂರಿಪ್ಪತ್ತು ಎಂಎಲ್. ನಮಾಜ್ ಮುಗಿಸ್ಕೊಂಡು ಬಂದು ಹಾಕ್ತೀನಿ. ಮುಟ್ಬೇಡಿ.”

(ಅಧ್ಯಕ್ಷರಿಗೆ ‘ಮುಟ್ಬೇಡಿ’ ಎನ್ನುವುದೇ?) ಬೆಟ್ಟಸ್ವಾಮಿ ಬಾಟಲಿ ಮೂಸಿ ನೋಡಿದರು. ಪರಿಮಳವೇ ಇಲ್ಲ! ಇದೂ ಒಂದು ಎಣ್ಣೆಯೇ? ಡಿಕ್ಕಿಯಲ್ಲಿ ಬೀಗರಿಗೆಂದು ಗಾಣದಿಂದ ತಂದಿದ್ದ ಕೊಬ್ಬರಿ ಎಣ್ಣೆಯ ಕ್ಯಾನಿತ್ತು. ಕೆಮ್ಮಿನ ಸಿರಪ್ಪಿನ ಮುಚ್ಚಳದಲ್ಲಿ ಭಕ್ತಿಯಿಂದ ಅಳೆದು ಕಂಪ್ರೆಸರಿಗೆ ಅಭಿಷೇಕ ಮಾಡಿ, ಆ ಬಡಪಾಯಿ ಬಾಟಲಿಯನ್ನು ಡಿಕ್ಕಿಗೆ ತುರುಕಿದರು.

“ಆಯಿಲ್ ನಾನೇ ಹಾಕ್ದೆ ಕಣಪ್ಪ. ಅಳತೆ ಒಂದು ತೊಟ್ಟೂ ಆಚೀಚೆ ಇಲ್ಲ,” ಎಂದರು, ನಾಸಿರ್ ನಮಾಜ್ ಮುಗಿಸಿ ಬಂದಾಗ.

ಹಿರಿಯರ ಮಾತು ನಂಬಿದ ನಾಸಿರ್ ಎಲ್ಲ ಜೋಡಿಸಿ ಗ್ಯಾಸ್ ತುಂಬಿದ.

ಭಾನುವಾರ ಕೊತ್ತಗೆರೆ ಬಿಡುವಾಗ ಕಾರೊಳಗೆ ಸಾಕ್ಷಾತ್ ಹಿಮಾಲಯ. ಬೀಗಿತ್ತಿ ಸೆರಗು ಹೊದ್ದುಕೊಂಡರು. ಬೆಟ್ಟಸ್ವಾಮಿಯ ಎದೆ ಸ್ಟೇರಿಂಗಿಗೆ ತಗಲುವಷ್ಟು ಉಬ್ಬಿತು. ಹೆಬ್ಬೂರು ಬಂತು, ಎಸಿ ಒಮ್ಮೆ ನರಳಿ, ಒಲೆಯ ಮುಂದೆ ಕೂತಂಥ ಗಾಳಿ ಬಿಡತೊಡಗಿತು. ತುಮಕೂರು ಮುಟ್ಟುವಾಗ ಬೀಗಿತ್ತಿ ಚೈತನ್ಯನ ಜಾತಕದಲ್ಲೇ ಗಾಳಿ ಬೀಸಿಕೊಳ್ಳುತ್ತಿದ್ದರು. ಮಂಜುಳಮ್ಮನ ಮೂರು ಲೋಟ ಮಜ್ಜಿಗೆ ಕುಡಿದ ಮೇಲೆ ಅವರ ತಲೆಸುತ್ತು ನಿಂತಿತು. ಹೊರಡುವಾಗ ಚನ್ನವೀರಯ್ಯ “ಹೇಳಿ ಕಳಿಸ್ತೀವಿ” ಎಂದಷ್ಟೇ ಹೇಳಿ ಬಸ್ಸು ಹತ್ತಿದರು.

ಮೂರು ದಿನ ಫೋನಿಲ್ಲ. ಬೆಟ್ಟಸ್ವಾಮಿಗೆ ಮುದ್ದೆ ಇಳಿಯಲಿಲ್ಲ. ನಾಲ್ಕನೆಯ ದಿನ ಗಂಡಹೆಂಡಿರಿಬ್ಬರೂ ನಾಸಿರ್ ಬಳಿಗೆ ಹೋದರು. ಅವನು ಸ್ವಲ್ಪ ಹೊತ್ತು ಎಸಿ ಓಡಿಸಿ ನೋಡಿ, ಗ್ಯಾಸ್ ತೆಗೆದು, ತಣ್ಣಗಾಗಿದ್ದ ಪೈಪೊಂದನ್ನು ಬಿಚ್ಚಿ ಕಕ್ಕಾಬಿಕ್ಕಿಯಾದ.

“ಸಾರ್, ಒಳಗೆ ಬೆಣ್ಣೆ ಐತೆ!”

ಮಂಜುಳಮ್ಮ ಬೆರಳಲ್ಲಿ ತೆಗೆದು ಮೂಸಿದರು. ಗಂಡನ ಕಡೆ ನಿಧಾನವಾಗಿ ತಿರುಗಿದರು. “ಡಿಸೆಂಬರ್ ಬಂತು ಅಂದ್ರೆ ದಿನಾ ಬೆಳಿಗ್ಗೆ ‘ಎಣ್ಣೆ ಗಟ್ಟಿಯಾಗೈತೆ ಕಣೇ, ಬಿಸಿಲಿಗಿಡು’ ಅಂತ ಯಾರ್ರೀ ಕೂಗೋದು?”

ಅಧ್ಯಕ್ಷರು ಡಿಕ್ಕಿ ತೆಗೆದು, ಆ ಬಡಪಾಯಿ ಬಾಟಲಿಯನ್ನು ನಾಸಿರ್ ಕೈಗೆ ಒಪ್ಪಿಸಿದರು. ಅಷ್ಟರಲ್ಲಿ ಫೋನು ಬಂತು. ಚನ್ನವೀರಯ್ಯ!

“ಹುಡುಗ ಒಪ್ಪಿಗೆ ಸ್ವಾಮಿ. ಮನೇನೂ ಒಪ್ಪಿಗೆ. ನಮ್ಮನೆಯವ್ಳಂತೂ ಮಂಜುಳಮ್ಮೋರ ಮಜ್ಜಿಗೆ ಜಪ ಮಾಡ್ತವ್ಳೆ. ಆದ್ರೆ ಒಂದೇ ಒಂದು ಷರತ್ತು...”

ಬೆಟ್ಟಸ್ವಾಮಿ ಫೋನನ್ನು ಕಿವಿಗೆ ಒತ್ತಿ ಹಿಡಿದರು.

“ಇನ್ಮೇಲೆ ನಾವು ಬಸ್ಸಲ್ಲೇ ಬರ್ತೀವಿ.”